ಆರಂಬಗಾರರ ಆರಂಭ

ಗುಂಡ್ಲುಪೇಟೆ ಕಡೆಯ ಹಳ್ಳಿಯಲ್ಲಿ ವಯಸ್ಸಾದವರೊಬ್ಬರನ್ನು ‘ಮಗ ಏನು ಮಾಡ್ಕೊಂಡಿದ್ದಾನೆ ಯಜಮಾನ್ರೇ?’ ಎಂದು ಕೇಳಿ. ‘ಊರಲ್ಲೇ ಆರಂಬ ಮಾಡ್ಕಂಡವ್ನೆ’ ಎಂಬ ಉತ್ತರ ಬಂದರೆ, ಏನನ್ನು ಆರಂಭಿಸಿದ್ದಾನೆ ಎಂದು ಮತ್ತೆ ಕೇಳಬೇಕಿಲ್ಲ. ಮಗ ಹೊಲ ಉಳುತ್ತಿದ್ದಾನೆ. ಹಳೇ ಮೈಸೂರಿನ ಈ ಸೀಮೆಯಲ್ಲಿ ಆರಂಬ ಎಂದರೆ ಬೇಸಾಯ, ಆರಂಬಗಾರ ಎಂದರೆ ಬೇಸಾಯಗಾರ. ಅಲ್ಲಿ ‘ಭ’ ಹೋಗಿ ‘ಬ’ ಬಂದದ್ದು ಉಚ್ಚಾರದ ತಪ್ಪಲ್ಲ. ಸಂಸ್ಕೃತದ ಪದ ಕನ್ನಡದ ಬಾಯಿಗೆ ಒಗ್ಗಿದ ಗುರುತು ಅದು.

ಶುರುಮಾಡುವ ಪದವೊಂದು ನೇಗಿಲ ಹಿಂದೆ ಹೋದದ್ದು ಹೇಗೆ? ಸಂಸ್ಕೃತದ ‘ರಭ್’ ಧಾತುವಿಗೆ ಹಿಡಿ, ಕೈಗೆ ತೆಗೆದುಕೋ ಎಂಬ ಅರ್ಥವಿದೆ. ‘ಆ’ ಸೇರಿದರೆ ಕೈಹಾಕು, ಕೈಗೊಳ್ಳು. ಕೈಗೊಂಡ ಗಳಿಗೆಯನ್ನು ಹಿಡಿದವರಿಗೆ ಆರಂಭ ಎಂದರೆ ಮೊದಲಾಗುವುದು. ಕೈಗೊಂಡ ಕೆಲಸವನ್ನೇ ಹಿಡಿದವರಿಗೆ ಉದ್ಯೋಗ, ಕಸುಬು. ಎರಡೂ ಸಂಸ್ಕೃತದಲ್ಲೇ ಇದ್ದವು.

ಈ ಎರಡನೆಯ ಅರ್ಥ ಜೈನರಲ್ಲಿ ಬಲವಾಗಿ ಬೇರುಬಿಟ್ಟಿತು. ಅವರ ಶಾಸ್ತ್ರದಲ್ಲಿ ಆರಂಭ ಎಂದರೆ ಜೀವಹಿಂಸೆ ತಪ್ಪದ ದುಡಿಮೆ. ಶ್ರಾವಕ, ಅಂದರೆ ಜೈನ ಗೃಹಸ್ಥ, ಏರಬೇಕಾದ ಹನ್ನೊಂದು ಮೆಟ್ಟಿಲುಗಳಲ್ಲಿ ಎಂಟನೆಯದು ಆರಂಭತ್ಯಾಗ. ಜೈನ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅಲ್ಲಿ ಬಿಡಬೇಕಾದ ಆರಂಭಗಳನ್ನು ಹೆಸರಿಸುತ್ತದೆ: ಸೇವೆ, ಕೃಷಿ, ವಾಣಿಜ್ಯ. ಗುಂಡ್ಲುಪೇಟೆಯ ಪಕ್ಕದ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಇಂದಿಗೂ ಜೈನರ ಕ್ಷೇತ್ರ. 19ನೇ ಶತಮಾನದಲ್ಲಿ ‘ರಾಜಾವಳಿ ಕಥೆ’ ಬರೆದ ದೇವಚಂದ್ರ ಅಲ್ಲಿಯವನೇ. ಈ ನೆಲಕ್ಕೆ ಜೈನರ ಮಾತು ಹೊರಗಿನದಾಗಿರಲಿಲ್ಲ.

ಇನ್ನು 12ನೇ ಶತಮಾನದ ಬಸವಣ್ಣನವರಿಗೆ ಬನ್ನಿ. ಗುರುಪೂಜೆಗಾಗಿ, ಲಿಂಗಾರ್ಚನೆಗಾಗಿ, ಜಂಗಮದಾಸೋಹಕ್ಕಾಗಿ ದುಡಿಯುತ್ತೇನೆ ಎನ್ನುವ ಅವರ ವಚನವೊಂದರಲ್ಲಿ ಮೂರು ದುಡಿಮೆಗಳು ಬರುತ್ತವೆ. ಒಂದು ವ್ಯಾಪಾರ, ಒಂದು ಪರರ ಸೇವೆ. ಉಳಿದದ್ದು ಬೇಸಾಯ, ಅದನ್ನು ಅವರು ಕರೆದದ್ದು ಆರಂಭ ಎಂದೇ. ಅದೇ ಮೂರು ಕಸುಬು! ಸಮಂತಭದ್ರರಲ್ಲಿ ಮೂರಕ್ಕೂ ಸೇರಿದ್ದ ಹೆಸರು ವಚನದ ಹೊತ್ತಿಗೆ ಮಣ್ಣಿನ ಕೆಲಸ ಒಂದಕ್ಕೇ ನಿಂತಿದೆ. ಬಿಡಬೇಕಾದದ್ದು ಮಾಡಬೇಕಾದದ್ದೂ ಆಗಿದೆ. ಒಬ್ಬರಿಂದ ಇನ್ನೊಬ್ಬರಿಗೆ ಪದ ನೇರವಾಗಿ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಪದ ಎರಡು ಧರ್ಮಗಳ ಕೈಯಲ್ಲಿ ಹೀಗೆ ಮಗ್ಗುಲು ಬದಲಿಸಿದ್ದು ನನ್ನನ್ನು ಬಹಳ ಸೆಳೆಯುತ್ತದೆ.

ಉಳುಮೆಗೇ ಯಾಕೆ ನಿಂತಿತು? ಪಕ್ಕದ ಪದಗಳನ್ನು ನೋಡಿದರೆ ತಿಳಿಯುತ್ತದೆ. ಬೇಸಾಯ ‘ವ್ಯವಸಾಯ’ದ ತದ್ಭವ. ಸಂಸ್ಕೃತದಲ್ಲಿ ಅದಕ್ಕೆ ಪ್ರಯತ್ನ, ದೃಢನಿಶ್ಚಯ ಎಂಬ ಅರ್ಥ. ಗೇಯ್ಮೆ ನಮ್ಮದೇ ಹಳಗನ್ನಡದ ‘ಗೆಯ್’ ಧಾತುವಿನದು, ಅಂದರೆ ಬರೀ ಮಾಡು. ಎರಡು ಎಕರೆ ಗೇಯ್ಕೊಂಡಿದ್ದಾನೆ ಎಂದರೆ ಉಳುತ್ತಿದ್ದಾನೆ ಎಂದೇ. ಮಾಡುವುದು, ಪ್ರಯತ್ನಪಡುವುದು, ಕೈಗೊಳ್ಳುವುದು, ಮೂರೂ ಕೊನೆಗೆ ಹೊಲಕ್ಕೇ ಬಂದವು. ಕನ್ನಡಿಗನಿಗೆ ‘ಕೆಲಸ’ ಎಂದರೆ ಬೇರೆ ವಿಶೇಷಣ ಬೇಡದೆ ಬೇಸಾಯವೇ ಆಗಿದ್ದ ಕಾಲದ ಸಾಕ್ಷಿಗಳು ಇವು.

ಆರಂಭ ಪದದ ಎರಡು ಅರ್ಥಗಳೂ ಒಟ್ಟಿಗೆ ಕಾಣುವುದು ಯುಗಾದಿಯ ಮೊದಲ ಉಳುಮೆಯಾದ ಹೊನ್ನಾರಿನಲ್ಲಿ. ಯಾರ ಹೆಸರಿಗೆ ಹೊನ್ನಾರು ಬರುತ್ತದೆಂದು ಪಂಚಾಂಗ ನೋಡುತ್ತಾರೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಆಮೇಲೆ ವರ್ಷದ ಮೊದಲ ಸಾಲು. ಮಳೆ ಹಿಡಿದರೆ ಈ ಸೀಮೆಯ ಹೊಲಗಳಿಗೆ ಅರಿಶಿನ, ಸೂರ್ಯಕಾಂತಿ, ಚೆಂಡುಹೂವು ಬರುತ್ತವೆ. ಆ ಮೊದಲ ಸಾಲೇ ಆರಂಬದ ಆರಂಭ.

ಮಿಕ್ಕ ಶುರುಗಳನ್ನು ಬೇರೆ ಪದಗಳು ಹಂಚಿಕೊಂಡಿವೆ. ಅರಬ್ಬಿಯಿಂದ ಫಾರಸಿಯ ದಾರಿ ಹಿಡಿದು ಬಂದ ‘ಶುರು’ ಮಳೆಗೂ ಜಗಳಕ್ಕೂ ಸಲ್ಲುತ್ತದೆ. ಸಭೆಗೆ ಪ್ರಾರಂಭ. ಪಂಪ್‌ಸೆಟ್ಟಿಗೂ ಟ್ರ್ಯಾಕ್ಟರಿಗೂ ಸ್ಟಾರ್ಟ್. ಕರೆಂಟು ಬಂದೊಡನೆ ರೈತ ಓಡುವುದು ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ. ಈ ಸ್ಟಾರ್ಟ್ ಕೂಡ ಹಳೆಯ ಇಂಗ್ಲಿಷಿನಲ್ಲಿ ತಟ್ಟನೆ ನೆಗೆಯುವುದು, ಬೆಚ್ಚುವುದು ಎಂಬ ಅರ್ಥದ್ದು. ಮೊದಲಾಗುವುದು ಎಂಬ ಅರ್ಥ ಬಂದದ್ದು ಬಹಳ ತಡವಾಗಿ. ಇಂಗ್ಲಿಷರು ಶುರುವಿನಲ್ಲಿ ಜಿಗಿತ ಕಂಡರು, ನಮ್ಮವರು ಹಿಡಿತ ಕಂಡರು. ಶುರುವಿನ ಹುಮ್ಮಸ್ಸಷ್ಟೇ ಇದ್ದು ನಡುವೆ ಕೈಬಿಡುವವನಿಗೆ ಆರಂಭಶೂರ ಎಂಬ ಹೆಸರೂ ನಮ್ಮಲ್ಲಿದೆ. ಆರಂಬಗಾರ ಅವನಿಗೆ ನೇರ ಎದುರು. ಬಿತ್ತಿದವನು ಕೊಯ್ಲಿನ ತನಕ ಬಿಡುವಂತಿಲ್ಲ.

ಈಗ ಅರ್ಜಿಯಲ್ಲಿ ಕೃಷಿ, ಭಾಷಣದಲ್ಲಿ ರೈತ. ಆರಂಬ ಹಿರಿಯರ ನಾಲಿಗೆಗೆ ಸರಿಯುತ್ತಿದೆ. ಚಾಮರಾಜನಗರ ಜಿಲ್ಲೆಯ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ: ‘ನಮ್ಮಪ್ಪ ಆರಂಬ ಮಾಡ್ತಾರೆ’ ಎಂದು ಮಗು ಬರೆದರೆ ಕೆಂಪು ಶಾಯಿಯಲ್ಲಿ ತಿದ್ದಬೇಡಿ. ಅದು ಸರಿಯಾದ ಕನ್ನಡ.