ನ್ಯಾನೊಟ್ಯೂಬ್ ಆಕ್ಚುಯೇಟರ್: ಗಾತ್ರವನ್ನು ಲೆಕ್ಕಕ್ಕೆ ತಂದ ಮಾದರಿಗಳು

ವಿದ್ಯುತ್ತನ್ನು ಚಲನೆಯಾಗಿ ಬದಲಿಸುವ ಸಾಧನವೇ ಆಕ್ಚುಯೇಟರ್. ಅದರಲ್ಲಿ ಬಾಗುವ ಭಾಗ ಕೆಲವೇ ನ್ಯಾನೊಮೀಟರ್ ವ್ಯಾಸದ ಕಾರ್ಬನ್ ನಳಿಕೆಯಾದಾಗ, ಉಕ್ಕಿನ ತೊಲೆಗೆ ಹೊಂದುವ ಲೆಕ್ಕ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಸಾಂಪ್ರದಾಯಿಕ ಸ್ಥಿತಿಸ್ಥಾಪಕತ್ವ ಸಿದ್ಧಾಂತದಲ್ಲಿ ವಸ್ತುವಿಗೆ ತನ್ನದೇ ಆದ ಉದ್ದದ ಅಳತೆಯಿಲ್ಲ. ನ್ಯಾನೊಟ್ಯೂಬಿನಲ್ಲಾದರೋ 0.142 ನ್ಯಾನೊಮೀಟರ್ ಉದ್ದದ ಇಂಗಾಲದ ಬಂಧಗಳನ್ನು ಕಡೆಗಣಿಸುವಂತಿಲ್ಲ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಈ ನಳಿಕೆಗಳನ್ನು ವಿವರಿಸಿದ ಮೇಲೆ ಅವುಗಳ ಬಿಗಿತದ ಶೋಧ ಆರಂಭವಾಯಿತು. 1996ರಲ್ಲಿ ಟ್ರೇಸಿ, ಎಬ್ಬೆಸನ್ ಮತ್ತು ಗಿಬ್ಸನ್ ನಳಿಕೆಯ ತುದಿ ಶಾಖದಿಂದ ಕಂಪಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದು, ಬಿಗಿತದ ಅಳತೆಯಾದ ಯಂಗ್ ಗುಣಾಂಕ ಸರಾಸರಿ 1.8 ಟೆರಾಪಾಸ್ಕಲ್ ಎಂದರು. ಅದೇ ವರ್ಷ ಯಾಕೋಬ್ಸನ್ ತಂಡ ನಳಿಕೆಯನ್ನು ತೆಳುವಾದ ಚಿಪ್ಪೆಂದು ಭಾವಿಸಿ, ಗೋಡೆಯ ದಪ್ಪ 0.066 ನ್ಯಾನೊಮೀಟರ್, ಗುಣಾಂಕ 5.5 ಟೆರಾಪಾಸ್ಕಲ್ ಎಂದು ಲೆಕ್ಕ ಹಾಕಿತು. ಗ್ರಾಫೈಟ್ ಪದರಗಳ ನಡುವಿನ 0.34 ನ್ಯಾನೊಮೀಟರ್ ಅಂತರವನ್ನೇ ದಪ್ಪವೆಂದು ಹಿಡಿದರೆ ಗುಣಾಂಕ ಸುಮಾರು 1 ಟೆರಾಪಾಸ್ಕಲ್‌ಗೆ ಇಳಿಯುತ್ತದೆ. ಒಂದೇ ಪರಮಾಣು ಪದರದ ಗೋಡೆಗೆ ದಪ್ಪವೆಂಬುದು ಮಾದರಿಯ ಆಯ್ಕೆ ಎಂಬುದು ಆಗ ಸ್ಪಷ್ಟವಾಯಿತು.

1999 ಈ ಕ್ಷೇತ್ರದ ತಿರುವಿನ ವರ್ಷ. ಬಾಗ್ಮನ್ ತಂಡ ಉಪ್ಪುನೀರಿನಲ್ಲಿಟ್ಟ ನ್ಯಾನೊಟ್ಯೂಬ್ ಹಾಳೆಗಳು ಕೆಲವೇ ವೋಲ್ಟ್‌ಗೆ ಚಲಿಸುವುದನ್ನು ತೋರಿಸಿತು. ಕಿಮ್ ಮತ್ತು ಲೀಬರ್ ಎರಡು ನಳಿಕೆಗಳಿಂದ ಚಿಮುಟ ಮಾಡಿದರು. ಪೊಂಚರಾಲ್ ತಂಡ ವಿದ್ಯುತ್ ಕ್ಷೇತ್ರದಲ್ಲಿ ನಳಿಕೆಗಳು ಕಂಪಿಸುವಂತೆ ಮಾಡಿ ನೋಡಿದಾಗ, ವ್ಯಾಸ 8ರಿಂದ 40 ನ್ಯಾನೊಮೀಟರ್‌ಗೆ ಏರಿದಂತೆ ಬಾಗುವಿಕೆಯ ಗುಣಾಂಕ ಸುಮಾರು 1ರಿಂದ 0.1 ಟೆರಾಪಾಸ್ಕಲ್‌ಗೆ ಕುಸಿಯಿತು. ದಪ್ಪ ನಳಿಕೆ ಬಾಗುವಾಗ ಒಳಬಾಗಿನ ಕಡೆ ಸಣ್ಣ ಸುಕ್ಕುಗಳೇಳುವುದೇ ಇದಕ್ಕೆ ಕಾರಣವೆಂದು ಆ ತಂಡ ಸೂಚಿಸಿತು.

ಇಂಥ ಸಾಧನದ ಒಳಗೆ ನಡೆಯುವುದು ಮೂರು ಬಲಗಳ ಜಗ್ಗಾಟ. ಒಂದು ತುದಿ ಬಿಗಿದ ನಳಿಕೆ ಲೋಹದ ತಟ್ಟೆಯ ಮೇಲೆ ಚಾಚಿಕೊಂಡಿರುತ್ತದೆ. ವೋಲ್ಟೇಜ್ ಏರಿಸಿದಂತೆ ವಿದ್ಯುದಾಕರ್ಷಣೆ ಅದನ್ನು ಕೆಳಗೆಳೆಯುತ್ತದೆ, ನಳಿಕೆಯ ಬಿಗಿತ ಮೇಲಕ್ಕೆ ಹಿಡಿಯುತ್ತದೆ. ಅಂತರ ಕೆಲವು ನ್ಯಾನೊಮೀಟರ್‌ಗೆ ಇಳಿದಾಗ ವ್ಯಾನ್ ಡರ್ ವಾಲ್ಸ್ ಬಲವೂ ಕೆಳಗೆಳೆಯುವ ಪಕ್ಷಕ್ಕೆ ಸೇರುತ್ತದೆ. ಒಂದು ಹಂತ ದಾಟಿದೊಡನೆ ನಳಿಕೆ ತಟ್ಟನೆ ತಟ್ಟೆಗೆ ಅಂಟುತ್ತದೆ. ಆ ಹಂತದ ವೋಲ್ಟೇಜನ್ನು ಡೆಕ್ವೆಸ್ನೆಸ್, ರಾಟ್ಕಿನ್ ಮತ್ತು ಅಲೂರು 2002ರಲ್ಲಿ ವಿವರವಾಗಿ ಲೆಕ್ಕ ಹಾಕಿದರು. ನಳಿಕೆಯ ಬಿಗಿತವನ್ನು ತಪ್ಪಾಗಿ ಅಂದಾಜಿಸಿದರೆ ಈ ವೋಲ್ಟೇಜೂ ತಪ್ಪುತ್ತದೆ. ಗಾತ್ರದ ಪ್ರಶ್ನೆಗೆ ಇಲ್ಲಿ ಇಷ್ಟು ತೂಕ ಬಂದದ್ದು ಅದರಿಂದಲೇ.

ಗಾತ್ರವನ್ನು ಲೆಕ್ಕಕ್ಕೆ ತರಲು ಬೇಕಾದ ಗಣಿತ ಮೊದಲೇ ಹುಟ್ಟಿತ್ತು. ಒಂದು ಬಿಂದುವಿನ ಸ್ಟ್ರೆಸ್ (ಒಳಬಲದ ತೀವ್ರತೆ) ಅದರ ಸುತ್ತಲಿನ ಸ್ಟ್ರೇನ್ (ವಿರೂಪದ ಪ್ರಮಾಣ) ಅನ್ನೂ ಅವಲಂಬಿಸಿದೆ ಎಂಬ ಎರಿಂಗೆನ್ ಅವರ ನಾನ್‌ಲೋಕಲ್ ಸಿದ್ಧಾಂತ 1970ರ ದಶಕದ್ದು. ಅದರ ಸರಳ ಅವಕಲ ರೂಪ 1983ರದ್ದು. 2003ರಲ್ಲಿ ಪೆಡಿಸನ್ ಮತ್ತು ಸಂಗಡಿಗರು ಅದನ್ನು ನ್ಯಾನೊ ತೊಲೆಗಳಿಗೆ ಅಳವಡಿಸಿದರು; 2007ರಲ್ಲಿ ಜೆ.ಎನ್. ರೆಡ್ಡಿ ವಿವಿಧ ತೊಲೆ ಸಿದ್ಧಾಂತಗಳಿಗೆ ವಿಸ್ತರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಗೋಪಾಲಕೃಷ್ಣನ್ ಅವರು ಎಸ್. ನರೇಂದರ್ ಜೊತೆ ನ್ಯಾನೊರಚನೆಗಳಲ್ಲಿನ ತರಂಗ ಪ್ರಸರಣದ ಬಗ್ಗೆ 2013ರಲ್ಲಿ ತಂದ ಗ್ರಂಥವೂ ಇದೇ ನೆಲೆಯದು.

ನಾನ್‌ಲೋಕಲ್ ಮಾದರಿ ಸಾಮಾನ್ಯವಾಗಿ ನಳಿಕೆಯನ್ನು ಮೆದುವಾಗಿಸಿ ತೋರಿಸುತ್ತದೆ. ಆದರೆ ತುದಿಯಲ್ಲಿ ಭಾರ ಹೊತ್ತ, ಒಂದೇ ಕಡೆ ಬಿಗಿದ ತೊಲೆಯಲ್ಲಿ ಗಾತ್ರದ ಪರಿಣಾಮವೇ ಕಾಣದೆ ಹೋಗುವುದು ಬಹುಕಾಲದ ತೊಡಕಾಗಿತ್ತು. ಇನ್ನೊಂದೆಡೆ, 2002ರ ಪರಿಷ್ಕೃತ ಕಪಲ್ ಸ್ಟ್ರೆಸ್ ಮತ್ತು 2003ರ ಸ್ಟ್ರೇನ್ ಗ್ರೇಡಿಯಂಟ್ ಸಿದ್ಧಾಂತಗಳು ಗಾತ್ರ ಕುಗ್ಗಿದಂತೆ ಬಿಗಿತ ಹೆಚ್ಚುವುದೆಂದವು. 2015ರಲ್ಲಿ ಲಿಮ್, ಜಾಂಗ್ ಮತ್ತು ರೆಡ್ಡಿ ಎರಡೂ ಪರಿಣಾಮಗಳನ್ನು ವಸ್ತುವಿನದೇ ಆದ ಎರಡು ಆಂತರಿಕ ಉದ್ದಗಳ ಮೂಲಕ ಒಂದೇ ಮಾದರಿಗೆ ತಂದರು. 2017ರಲ್ಲಿ ರೊಮಾನೊ ಮತ್ತು ಬರೆಟ್ಟಾ, ಸ್ಟ್ರೆಸ್‌ನಿಂದ ಸ್ಟ್ರೇನ್ ಪಡೆಯುವ ಹಿಮ್ಮುಖ ಸೂತ್ರದಿಂದ ಆ ತೊಡಕನ್ನು ನಿವಾರಿಸಿದರು.

ಈ ಎಲ್ಲ ಮಾದರಿಗಳ ಜೀವ ಅವುಗಳೊಳಗಿನ ಆಂತರಿಕ ಉದ್ದದಲ್ಲಿದೆ. ಅದು ಎಲ್ಲ ನಳಿಕೆಗಳಿಗೂ ಒಂದೇ ಸಂಖ್ಯೆಯಲ್ಲ. ನಳಿಕೆಯ ರಚನೆ, ತುದಿಗಳ ಹಿಡಿತ, ಕಂಪನದ ಬಗೆಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಪರಮಾಣುಗಳ ಚಲನೆಯನ್ನೇ ಅನುಸರಿಸುವ ಗಣಕ ಲೆಕ್ಕದೊಂದಿಗೆ ಹೋಲಿಸಿ ಅದನ್ನು ನಿಗದಿಪಡಿಸಿದ ನಂತರವೇ ಮಾದರಿ ಹೇಳುವ ವೋಲ್ಟೇಜ್ ವಿನ್ಯಾಸಕ್ಕೆ ಆಧಾರವಾಗುತ್ತದೆ.