ಆಯಿಯ ಮಾತಿಗೆ ಆಧಾರ

ದೀಪಾವಳಿಗೆ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದ ತಮ್ಮನ ಮಗಳು ಹಬ್ಬ ಮುಗಿಯುವ ಮೊದಲೇ ಕಂಪ್ಯೂಟರ್ ಬಿಚ್ಚಿ ಕುಳಿತಳು. ಸಾಮಾಜಿಕ ನ್ಯಾಯದ ತರಗತಿಗೆ ಪ್ರಬಂಧದ ಬದಲು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯಬೇಕಂತೆ. 2003ರಲ್ಲಿ ಆರಂಭವಾದ ಈ ವಿಶ್ವಕೋಶಕ್ಕೆ ವಿದ್ಯಾರ್ಥಿಗಳಿಂದ ಬರೆಸುವುದು ಹೊಸದೇನಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರ ಸುಮಾರಿಗೇ ಅದು ನಡೆದಿತ್ತು.

ಅವಳು ಆರಿಸಿಕೊಂಡದ್ದು ಕಮಲಾಪುರದ ತೋಟಗಳ ಕೂಲಿಯವರನ್ನು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆ ಇದೆ, ಕಾಗದಪತ್ರ ಇವೆ. ತೋಟದಲ್ಲಿ ದುಡಿದ ಕೈಗಳಿಗೆ? ಎಂಬತ್ತು ದಾಟಿದ ನಮ್ಮ ಅವ್ವ, ನಿಜಾಮರ ಕಾಲದಲ್ಲಿ ತನ್ನ ತಾಯಿ ಜೋಳದ ಕೂಲಿಗೆ ತೋಟಕ್ಕೆ ಹೋಗುತ್ತಿದ್ದುದನ್ನು, ಅಳತೆಯಲ್ಲಿ ಮೋಸವಾಗುತ್ತಿದ್ದುದನ್ನು ಎರಡು ತಾಸು ಹೇಳಿದಳು. ಹುಡುಗಿ ಎಲ್ಲ ಬರೆದುಕೊಂಡಳು. ಆಮೇಲೆ ಮುಖ ಸಣ್ಣದು ಮಾಡಿ, "ದೊಡ್ಡಪ್ಪಾ, ಆಯಿ ಹೇಳಿದ್ದು ಖರೇನ. ಆದ್ರ ಅಚ್ಚಾದ ಆಧಾರ ಬೇಕ್ರಿ" ಎಂದಳು.

ನಿಯಮ ತಪ್ಪಲ್ಲ. ಅದಿಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಬರೆದಾರು. ಆದರೆ 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಅದೇ. ಕನ್ನಡ ಶಾಲೆಗಳೇ ವಿರಳವಾಗಿದ್ದ ಕಡೆ ಕೂಲಿಯವಳ ಮಾತನ್ನು ಅಚ್ಚು ಹಾಕಿಸುವವರು ಯಾರಿದ್ದರು? ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು 1969ರಲ್ಲಿ ಹೊರತಂದಾಗ ಗುಲ್ಬರ್ಗದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಅದು ಬಂದದ್ದು 1980ರಲ್ಲಿ.

ಕಡೆಗೆ ಅವಳು ಬಾಳೆಯ ಬಗ್ಗೆಯೇ ಬರೆದು ಒಪ್ಪಿಸಿದಳು. ಅವ್ವನ ಮಾತಿದ್ದ ನೋಟುಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಾಳೆ. ಅದನ್ನು ನೋಡಿಯೇ ಈ ಪುಟ ಬರೆದೆ. ಅಚ್ಚಾದ ಮೇಲೆ ಅವಳಿಗೊಂದು ಪ್ರತಿ ಕಳಿಸಬೇಕು.