ಹೊಟ್ಟೆಯಲ್ಲೊಂದು ಮುಚ್ಚದ ತೂತು

ಯಶವಂತಪುರದ ಪಕ್ಕದಲ್ಲಿ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು ಆರಂಭವಾದದ್ದು 1979ರಲ್ಲಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಗಾಡರರ್ ಮತ್ತು ಪಾನ್ಸ್‌ಕಿ ಎಂಬ ವೈದ್ಯರು ಎಳೆಗೂಸೊಂದರ ಹೊಟ್ಟೆಯನ್ನು ಕೊಯ್ದು ತೆರೆಯದೆ, ಎಂಡೋಸ್ಕೋಪಿನ ನೆರವಿನಿಂದಲೇ ಜಠರಕ್ಕೆ ಆಹಾರದ ನಳಿಕೆ ಕೂಡಿಸಿದರು. ‘ಪೆಗ್’ ಎಂದು ಕರೆಯುವ ಈ ನಳಿಕೆ ಹೆಬ್ಬಾಳ, ಯಲಹಂಕದ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಇಂದು ಹೊಸದಲ್ಲ. ಲಕ್ವ ಹೊಡೆದು ನುಂಗಲಾರದವರಿಗೆ, ಗಂಟಲ ಕ್ಯಾನ್ಸರಿನವರಿಗೆ ಗಂಜಿ, ಹಾಲು, ಔಷಧ ಎಲ್ಲವೂ ಅದರ ಮೂಲಕವೇ.

ರೋಗಿ ಚೇತರಿಸಿಕೊಂಡು ಬಾಯಿಂದ ಉಣ್ಣತೊಡಗಿದ ಮೇಲೆ ನಳಿಕೆ ತೆಗೆಯುತ್ತಾರೆ. ತೂತು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ತಿಂಗಳು ಕಳೆದರೂ ಮುಚ್ಚುವುದಿಲ್ಲ. ಉಂಡ ಗಂಜಿ ಅಂಗಿಗೆ ಒಸರುತ್ತದೆ, ಜಠರದ ಆಮ್ಲ ಸುತ್ತಲಿನ ಚರ್ಮವನ್ನು ಸುಡುತ್ತದೆ. ಸಾವನ್ನು ಗೆದ್ದು ಬಂದವನು ಮದುವೆಮನೆಯ ಪಂಕ್ತಿಯಲ್ಲಿ ಕೂರಲು ಅಂಜುತ್ತಾನೆ.

ಈ ಕಷ್ಟ ಪೆಗ್ ನಳಿಕೆಗಿಂತ ಹಳೆಯದು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾಕ್ ದ್ವೀಪದ ಅಂಗಡಿಯೊಂದರಲ್ಲಿ ಆಕಸ್ಮಿಕವಾಗಿ ಬಂದೂಕು ಸಿಡಿದು, ತುಪ್ಪಳದ ವ್ಯಾಪಾರದಲ್ಲಿ ಕೂಲಿಗಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನ ಎಡಪಕ್ಕೆ ಹರಿಯಿತು. ಸೇನಾವೈದ್ಯ ವಿಲಿಯಂ ಬೋಮಾಂಟ್ ಆರೈಕೆ ಮಾಡಿದ. ಆಳು ಬದುಕಿದ, ಆದರೆ ಜಠರದ ಗಾಯದ ಅಂಚು ಪಕ್ಕೆಯ ಗಾಯದ ಅಂಚಿಗೆ ಅಂಟಿಕೊಂಡು ತೂತು ಹಾಗೆಯೇ ನಿಂತಿತು. ಎಂಟು ಹತ್ತು ತಿಂಗಳು ಹೆಣಗಿದರೂ ಅದು ಮುಚ್ಚಲಿಲ್ಲವೆಂದೂ, ಅಂಚುಗಳನ್ನು ಕೊಯ್ದು ಹೊಲಿಯುವುದೊಂದೇ ದಾರಿಯೆಂದೂ, ಅದಕ್ಕೆ ರೋಗಿ ಒಪ್ಪಲಿಲ್ಲವೆಂದೂ ಬೋಮಾಂಟ್ ಬರೆದಿದ್ದಾನೆ. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಯಾರು ತಾನೆ ಒಪ್ಪಿಯಾರು?

ತೂತು ವೈದ್ಯನಿಗೆ ಕಿಟಕಿಯಾಯಿತು. 1825ರಿಂದ ಆತ ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆದಾರಕ್ಕೆ ಕಟ್ಟಿ ಜಠರದೊಳಗೆ ಇಳಿಬಿಟ್ಟು, ಹೊತ್ತುಹೊತ್ತಿಗೆ ಎಳೆದು ಪರೀಕ್ಷಿಸಿದ. ಜೀರ್ಣವಾಗುವುದು ರಾಸಾಯನಿಕ ಕ್ರಿಯೆಯಿಂದ ಎಂದು 1833ರ ತನ್ನ ಗ್ರಂಥದಲ್ಲಿ ತೋರಿಸಿದ. ಕೀರ್ತಿ ವೈದ್ಯನಿಗೆ, ತೂತು ಕೂಲಿಯವನಿಗೆ. 1880ರಲ್ಲಿ ಸೇಂಟ್ ಮಾರ್ಟಿನ್ ತೀರಿಕೊಂಡಾಗ ಶವ ವೈದ್ಯರ ಕೈಗೆ ಸಿಗಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಇಟ್ಟುಕೊಂಡು, ಬಳಿಕ ಆಳವಾಗಿ ಹೂಳಿದರು.

ಆದರೂ ಕೊಯ್ದು ಕೂಡಿಸಬೇಕೆಂಬ ಬೋಮಾಂಟನ ಎಣಿಕೆ ಸರಿಯಾಗಿಯೇ ಇತ್ತು. ನಳಿಕೆ ಹೆಚ್ಚು ಕಾಲ ಇದ್ದಷ್ಟೂ ತೂತಿನ ಒಳಗೋಡೆಗೆ ಪೊರೆ ಬೆಳೆಯುತ್ತದೆ. ಓಲೆ ಹಾಕಿದ ಕಿವಿಯ ತೂತು ನಿಲ್ಲುವುದೂ ಹೀಗೆಯೇ. ಹಸಿಗಾಯಕ್ಕೆ ಹಸಿಗಾಯ ಕೂಡುತ್ತದೆ, ಪೊರೆಗೆ ಪೊರೆ ಕೂಡದು. ಹೀಗಾಗಿ ಆಮ್ಲ ತಗ್ಗಿಸುವ ಮಾತ್ರೆಯಿಂದ ಗುಣ ಕಾಣದಿದ್ದಾಗ ವೈದ್ಯರು ಮೊದಲು ಆ ಪೊರೆಯನ್ನು ಕೆರೆದು ಅಥವಾ ಸುಟ್ಟು ಹಸಿ ಮಾಡುತ್ತಾರೆ. ಆಮೇಲೆ ಬಾಯಿಂದ ಇಳಿಸಿದ ಎಂಡೋಸ್ಕೋಪಿನ ತುದಿಯಿಂದ ಒಳಬಾಯಿಗೆ ಲೋಹದ ಕ್ಲಿಪ್ ಹಾಕುತ್ತಾರೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ರೂಪುಗೊಂಡ ದೊಡ್ಡ ಕ್ಲಿಪ್ಪಂತೂ ಹಲ್ಲುಗಳಿಂದ ಜಠರದ ಗೋಡೆಯನ್ನೇ ಕಚ್ಚಿ ಹಿಡಿಯುತ್ತದೆ. ಹರಿದ ಕರುಳಿನ ಅಂಚುಗಳನ್ನು ಕಪ್ಪು ಗೊದ್ದಗಳಿಂದ ಕಚ್ಚಿಸಿ, ಮೈ ಕಿತ್ತು ತಲೆಯನ್ನಷ್ಟೇ ಉಳಿಸಬೇಕೆಂದು ಹೇಳಿದ ಸುಶ್ರುತನಿಗೆ ಇದು ಹೊಸದೆನಿಸುತ್ತಿರಲಿಲ್ಲವೇನೋ.

ಕ್ಲಿಪ್ ಕೆಲವೊಮ್ಮೆ ಕಳಚಿಕೊಳ್ಳುವುದುಂಟು. ಆಗ ಇನ್ನೊಮ್ಮೆ ಹಾಕಿ ನೋಡುತ್ತಾರೆ. ಅದೂ ಹಿಡಿಯದಿದ್ದರೆ ಸೇಂಟ್ ಮಾರ್ಟಿನ್ ಒಪ್ಪದಿದ್ದ ಹಳೆಯ ದಾರಿಯೇ, ಅರಿವಳಿಕೆಯೊಂದಿಗೆ.